ಎರಡು ಎಸೆತಗಳ ನಡುವಿನ ಪುರುಸೊತ್ತು

ಬೇಸ್‌ಬಾಲ್ ಆಟವನ್ನು ನಾನು ನೋಡುವುದಕ್ಕೆ ಮುಂಚೆ ಕೇಳಿದೆ. 2014ರ ಬೇಸಿಗೆಯಲ್ಲಿ ನಾವು ಲಾಸ್ ಏಂಜಲೀಸ್ ಅಂಚಿನ ಬಡಾವಣೆಯೊಂದರಲ್ಲಿ ಬಾಡಿಗೆಗಿದ್ದೆವು. ಡಾಡ್ಜರ್ಸ್ ತಂಡದ ಪಂದ್ಯಗಳನ್ನು ತೋರಿಸುವ ಹೊಸ ವಾಹಿನಿಗೆ ಎಷ್ಟು ಹಣ ಕೊಡಬೇಕೆಂಬ ವಿಷಯದಲ್ಲಿ ಕೇಬಲ್ ಸಂಸ್ಥೆಗಳಿಗೆ ಜಗಳ ಹತ್ತಿ, ಆ ವರ್ಷ ಊರಿನ ಬಹುಪಾಲು ಮನೆಗಳಲ್ಲಿ ಊರಿನ ತಂಡದ ಆಟವೇ ಕಾಣದಂತಾಗಿತ್ತು. ಪಕ್ಕದ ಮನೆಯ ಹಿರಿಯರು, ನಿವೃತ್ತ ಶಿಕ್ಷಕರು, ಇದಕ್ಕೆ ತಲೆ ಕೆಡಿಸಿಕೊಂಡವರಲ್ಲ. ಸಂಜೆ ಏಳಾಗುತ್ತಲೇ ಗ್ಯಾರೇಜಿನ ಬಾಗಿಲು ಎತ್ತಿ, ಮಡಚುವ ಕುರ್ಚಿ ಹಾಕಿ, ರೇಡಿಯೊ ಹಚ್ಚಿ, ತೊಡೆಯ ಮೇಲೆ ಚೌಕಗೆರೆಯ ಉದ್ದನೆಯ ಪುಸ್ತಕವೊಂದನ್ನು ಇಟ್ಟುಕೊಂಡು ಪೆನ್ಸಿಲ್ ಹಿಡಿದು ಕೂರುತ್ತಿದ್ದರು.

ಬೇಲಿಯಾಚೆಯಿಂದ ಕೇಳಿಬರುತ್ತಿದ್ದ ಆ ದನಿಯನ್ನು ನಾನು ಮೊದಮೊದಲು ಯಾವುದೋ ಹರಟೆಯ ಕಾರ್ಯಕ್ರಮವೆಂದೇ ತಿಳಿದಿದ್ದೆ. ವಯಸ್ಸಾದ, ಆದರೆ ಸ್ವಲ್ಪವೂ ನಡುಗದ ದನಿಯೊಂದು ಯಾರದೋ ಬಾಲ್ಯದ ಕಥೆಯನ್ನು ಹೇಳುತ್ತಿತ್ತು; ನಡುವೆ, ಉಸಿರು ಎಳೆದುಕೊಂಡಷ್ಟೇ ಸಹಜವಾಗಿ, ‘ಒನ್ ಅಂಡ್ ಟು’ ಎಂದು ಹೇಳಿ, ವಾಕ್ಯವನ್ನು ಬಿಟ್ಟಲ್ಲಿಂದಲೇ ಎತ್ತಿಕೊಳ್ಳುತ್ತಿತ್ತು. ಮಳೆಗಾಲದ ರಾತ್ರಿಗಳಲ್ಲಿ ತಾಳಮದ್ದಳೆ ಕೇಳಿ ಬೆಳೆದ ನನಗೆ ಈ ಬಗೆ ಅಪರಿಚಿತವಾಗಿರಲಿಲ್ಲ. ಅಲ್ಲಿ ವೇಷವೂ ಇಲ್ಲ, ಕುಣಿತವೂ ಇಲ್ಲ. ಭಾಗವತರು ಪದ ಹೇಳಿ ಬಿಟ್ಟ ಮೇಲೆ ಅರ್ಥಧಾರಿ ತನಗೆ ತೋಚಿದಷ್ಟು ದೂರ ಹೋಗಬಹುದು, ಆದರೆ ಪ್ರಸಂಗದ ಎಳೆ ಕೈಬಿಡುವ ಹಾಗಿಲ್ಲ. ಬೇಲಿಯಾಚೆಯ ದನಿಯೂ ಹಾಗೆಯೇ ಎಷ್ಟೇ ಸುತ್ತಾಡಿದರೂ ಆ ಎರಡು ಅಂಕೆಗಳಿಗೆ ಮರಳಿ ಬರುತ್ತಿತ್ತು. ಅದು ಡಾಡ್ಜರ್ಸ್ ಪಂದ್ಯಗಳ ವೀಕ್ಷಕ ವಿವರಣೆಕಾರ ವಿನ್ ಸ್ಕಲ್ಲಿಯವರ ದನಿಯೆಂದು ಹಿರಿಯರೇ ಒಂದು ದಿನ ಹೇಳಿದರು. ಅವರಿಗೆ ಆಗ 86 ವರ್ಷ, ರೇಡಿಯೊದಲ್ಲಿ ಮೊದಲ ಮೂರು ಇನಿಂಗ್ಸ್ ಮಾತ್ರ ಅವರದು, ಆ ಮೇಲೆ ಬೇರೆಯವರು. ಬೇಕಿದ್ದರೆ ನಾಳೆ ಬೇಗ ಬಂದು ಕುಳಿತುಕೊಳ್ಳಬಹುದು ಎಂದರು. ನಾನು ಮರುದಿನ ಕುರ್ಚಿ ಎತ್ತಿಕೊಂಡು ಹೋದೆ.

ಆ ಅಂಕೆಗಳ ಲೆಕ್ಕ ಸರಳವಾದದ್ದು: ಮೊದಲನೆಯದು ಬಾಲ್, ಎರಡನೆಯದು ಸ್ಟ್ರೈಕ್. ಪಿಚರ್ ಎಸೆದ ಚೆಂಡು ಗುರಿಯ ಚೌಕದ ಹೊರಗೆ ಹೋದರೆ ಬಾಲ್. ಒಳಗೆ ಹೋಗಿ ಬ್ಯಾಟರ್ ಬಿಟ್ಟರೂ, ಬೀಸಿ ತಪ್ಪಿದರೂ ಸ್ಟ್ರೈಕ್. ನಾಲ್ಕು ಬಾಲ್ ಆದರೆ ಬ್ಯಾಟರ್ ನಡೆದು ಮೊದಲ ಬೇಸ್ ಸೇರುತ್ತಾನೆ, ಮೂರು ಸ್ಟ್ರೈಕ್ ಆದರೆ ಔಟ್. ಒಂದು ಎಸೆತಕ್ಕೂ ಮುಂದಿನದಕ್ಕೂ ನಡುವೆ ಪಿಚರ್ ಟೋಪಿ ಸರಿಪಡಿಸಿಕೊಳ್ಳುತ್ತಾನೆ, ಬ್ಯಾಟರ್ ಕೈಗವಸಿನ ಪಟ್ಟಿ ಬಿಚ್ಚಿ ಕಟ್ಟುತ್ತಾನೆ, ಬ್ಯಾಟರ್ ಹಿಂದೆ ಕುಕ್ಕರುಗಾಲಲ್ಲಿ ಕೂತ ಕ್ಯಾಚರ್ ತೊಡೆಗಳ ನಡುವೆ ಬೆರಳಾಡಿಸಿ ಸನ್ನೆ ಮಾಡುತ್ತಾನೆ. ಇಂಥ ಪಂದ್ಯಗಳು ಒಂದು ಋತುವಿನಲ್ಲಿ, ಒಂದು ತಂಡಕ್ಕೆ, 162. ನನ್ನಂಥ ಕ್ರಿಕೆಟಿನವರೇ ಈ ಆಟವನ್ನು ನಿಧಾನದ್ದೆಂದು ಹಳಿಯುವುದನ್ನು ಕೇಳಿದ್ದೇನೆ; ಐದು ದಿನದ ಟೆಸ್ಟ್ ನೋಡಿದವರ ಬಾಯಲ್ಲಿ ಆ ಮಾತು ಅಷ್ಟು ಚೆನ್ನಾಗಿ ಒಪ್ಪುವುದಿಲ್ಲ. ಗ್ಯಾರೇಜಿನಲ್ಲಿ ಕುಳಿತು ನನಗೆ ಹೊಳೆದದ್ದು ಬೇರೆಯೇ: ಈ ಆಟದ ಸುತ್ತ ಬೆಳೆದಿರುವ ವೀಕ್ಷಕ ವಿವರಣೆ, ಅಂಕಿಅಂಶದ ಹುಚ್ಚು, ವಿಚಿತ್ರವಾದ ಆಡುನುಡಿ, ಇವೆಲ್ಲ ಹುಟ್ಟಿದ್ದು ಎರಡು ಎಸೆತಗಳ ನಡುವಿನ ಆ ಪುರುಸೊತ್ತಿನಲ್ಲೇ.

ಸ್ಕಲ್ಲಿ ಬೆಳೆದದ್ದು ನ್ಯೂಯಾರ್ಕ್‌ನಲ್ಲಿ. ಆ ಕಾಲದ ರೇಡಿಯೊ ನಾಲ್ಕು ಕಾಲಿನ ದೊಡ್ಡ ಪೀಠೋಪಕರಣ. ಹುಡುಗ ದಿಂಬು ತೆಗೆದುಕೊಂಡು ಅದರ ಕೆಳಗೆ ತೂರಿ ಮಲಗಿ, ಎಲ್ಲೋ ದೂರದ ಊರಿನ ಆಟವನ್ನು ಕೇಳುತ್ತಿದ್ದನಂತೆ. ಅವನಿಗೆ ಬೇಕಿದ್ದದ್ದು ಜನರ ಗದ್ದಲ. ಅದು ಮೇಲಿನಿಂದ ತಲೆಯ ಮೇಲೆ ನೀರಿನಂತೆ ಸುರಿಯುತ್ತಿತ್ತು ಎಂದು ಅವರು ದೊಡ್ಡವರಾದ ಮೇಲೆ ಹಲವು ಬಾರಿ ನೆನೆದಿದ್ದಾರೆ. 1936ರ ಅಕ್ಟೋಬರ್ 2ರಂದು, ಎಂಟು ವರ್ಷದವನಾಗಿದ್ದಾಗ, ಶಾಲೆಯಿಂದ ಮನೆಗೆ ಬರುವ ದಾರಿಯ ಲಾಂಡ್ರಿಯೊಂದರಲ್ಲಿ ವರ್ಷದ ಚಾಂಪಿಯನ್ ತಂಡವನ್ನು ನಿರ್ಧರಿಸುವ ವರ್ಲ್ಡ್ ಸೀರೀಸ್ ಪಂದ್ಯದ ಅಂಕಗಳನ್ನು ಹಾಕಿದ್ದರು: ಯಾಂಕೀಸ್ 18, ಜೈಂಟ್ಸ್ 4. ಸೋತವರ ಬಗ್ಗೆ ಕನಿಕರ ಹುಟ್ಟಿ ಅವನು ಜೈಂಟ್ಸ್ ಅಭಿಮಾನಿಯಾದ. ಮುಂದೆ ಅದೇ ಜೈಂಟ್ಸ್‌ನ ಹಗೆ ತಂಡವಾದ ಡಾಡ್ಜರ್ಸ್‌ಗೆ 67 ಋತುಗಳ ಕಾಲ ದನಿಯಾದದ್ದು ವಿಧಿಯ ತಮಾಷೆಯೆಂದೇ ಹೇಳಬೇಕು.

1950ರಲ್ಲಿ, ತಂಡ ಇನ್ನೂ ಬ್ರೂಕ್ಲಿನ್‌ನಲ್ಲಿದ್ದಾಗ, 22ರ ಈ ಹುಡುಗನನ್ನು ತಿದ್ದಿದವರು ಹಿರಿಯ ವಿವರಣೆಕಾರ ರೆಡ್ ಬಾರ್ಬರ್. ಮೈಕಿನ ಪಕ್ಕದಲ್ಲಿ ಮೂರು ನಿಮಿಷದ ಮರಳುಗಡಿಯಾರವೊಂದನ್ನು ಇಟ್ಟುಕೊಂಡು, ಮರಳು ಕೆಳಗಿಳಿದಾಗಲೆಲ್ಲ ಅಂಕ ಹೇಳಿ ಅದನ್ನು ತಿರುಗಿಸಿಡುತ್ತಿದ್ದ ಮನುಷ್ಯ ಆತ. ಆಗ ತಾನೆ ರೇಡಿಯೊ ಹಚ್ಚಿದವನಿಗೆ ಆಟ ಎಲ್ಲಿಗೆ ಬಂದಿದೆಯೆಂದು ಗೊತ್ತಿರುವುದಿಲ್ಲ, ಕಾಯಿಸಬಾರದು ಎಂಬ ಸೌಜನ್ಯ ಅದರ ಹಿಂದಿತ್ತು. ಇಂದು ಪರದೆಯ ಮೂಲೆಯಲ್ಲಿ ಅಂಕಪಟ್ಟಿ ಸದಾ ಉರಿಯುತ್ತಿರುವಾಗಲೂ ಒಳ್ಳೆಯ ರೇಡಿಯೊ ವಿವರಣೆಕಾರರಲ್ಲಿ ಈ ಅಭ್ಯಾಸ ಉಳಿದಿದೆ.

1958ರಲ್ಲಿ ತಂಡ ಲಾಸ್ ಏಂಜಲೀಸ್‌ಗೆ ಬಂದಾಗ ಅದಕ್ಕೆ ಸ್ವಂತ ಮೈದಾನವಿರಲಿಲ್ಲ. ಓಟದ ಸ್ಪರ್ಧೆ ಮತ್ತು ಫುಟ್‌ಬಾಲಿಗೆಂದು ಕಟ್ಟಿದ್ದ ಕಲೋಸಿಯಂ ಎಂಬ ಭಾರೀ ಕ್ರೀಡಾಂಗಣದಲ್ಲಿ ಆಡಿದರು. ಹಿಂದಿನ ಸಾಲುಗಳಲ್ಲಿ ಕುಳಿತವರಿಗೆ ಆಟಗಾರರು ಇರುವೆಗಳಂತೆ ಕಾಣುತ್ತಿದ್ದರು. ಹಾಗಾಗಿ ಜನ ಅಂಗೈಯಗಲದ ಟ್ರಾನ್ಸಿಸ್ಟರ್ ಹಿಡಿದು ಬಂದು, ಕಣ್ಣೆದುರಿನ ಆಟವನ್ನೇ ಸ್ಕಲ್ಲಿಯ ಬಾಯಿಂದ ಕೇಳತೊಡಗಿದರು. 1960ರ ಒಂದು ಪಂದ್ಯದಲ್ಲಿ, ಅಂದು ಅಂಪೈರ್ ಫ್ರಾಂಕ್ ಸೆಕೋರಿಯ ಹುಟ್ಟುಹಬ್ಬವೆಂದು ತಿಳಿದ ಸ್ಕಲ್ಲಿ, ತಾನು ಮೂರು ಎಣಿಸುತ್ತಲೇ ಎಲ್ಲರೂ ಅವನಿಗೆ ಶುಭಾಶಯ ಕೂಗಬೇಕೆಂದು ರೇಡಿಯೊದಲ್ಲೇ ಕೇಳಿಕೊಂಡರು. ಮೈದಾನ ಒಂದೇ ಕೊರಳಿನಲ್ಲಿ ಕೂಗಿತು. ಅಂಪೈರಿಗೆ ಹುಟ್ಟಿದ ಹಬ್ಬದ ಶುಭಾಶಯ ಹೇಳುವುದು ಯಾವ ಆಟದಲ್ಲೂ ಪ್ರೇಕ್ಷಕರ ಸಹಜ ಧರ್ಮವಲ್ಲವಷ್ಟೆ. ಇದನ್ನು ಹೇಳುವಾಗ ಪಕ್ಕದ ಮನೆಯ ಹಿರಿಯರು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು.

ಕಣ್ಣಿಲ್ಲದೆಯೂ ಆಟ ಹೇಳಬಹುದೆಂಬುದಕ್ಕೆ ಇನ್ನೂ ಹಳೆಯ ಸಾಕ್ಷಿಗಳಿವೆ. 1930ರ ದಶಕದಲ್ಲಿ ಪರವೂರಿನ ಪಂದ್ಯಕ್ಕೆ ವಿವರಣೆಕಾರನನ್ನು ಕಳಿಸುವುದು ದುಬಾರಿಯಾಗಿತ್ತು. ಮೈದಾನದಿಂದ ಟೆಲಿಗ್ರಾಫ್ ತಂತಿಯಲ್ಲಿ ಒಂದೆರಡು ಅಕ್ಷರದ ಸಂಕೇತ ಬರುತ್ತಿತ್ತು. ಸ್ಟುಡಿಯೊದಲ್ಲಿ ಕುಳಿತವನು ಅದಕ್ಕೆ ಮಾಂಸ ತುಂಬಿ, ಬ್ಯಾಟಿನ ಸದ್ದು, ಜನರ ಗದ್ದಲ ಎಲ್ಲವನ್ನೂ ಸೇರಿಸಿ ಆಟ ಕಟ್ಟಬೇಕಿತ್ತು. ಮುಂದೆ ಅಮೆರಿಕದ ಅಧ್ಯಕ್ಷರಾದ ರೊನಾಲ್ಡ್ ರೇಗನ್ ಆಗ ಅಯೋವಾದ ಡೆಮೊಯಿನ್ ನಗರದ ರೇಡಿಯೊದಲ್ಲಿ ಚಿಕಾಗೊ ಕಬ್ಸ್ ಪಂದ್ಯಗಳನ್ನು ಹೀಗೆಯೇ ಹೇಳುತ್ತಿದ್ದರು. ಒಮ್ಮೆ ತಂತಿ ಕೆಟ್ಟು ನಿಂತಿತು. ಸುಮ್ಮನಾದರೆ ಕೇಳುಗರು ಬೇರೆ ಸ್ಟೇಷನ್ನಿಗೆ ಹೋಗುತ್ತಾರೆ. ರನ್ ಬಂತೆಂದರೆ ನಾಳೆಯ ಪತ್ರಿಕೆಯಲ್ಲಿ ಸುಳ್ಳು ಹೊರಬೀಳುತ್ತದೆ. ಎರಡು ಸ್ಟ್ರೈಕ್ ಆದ ಮೇಲೆ ಬ್ಯಾಟರ್ ಹೊಡೆದ ಚೆಂಡು ಗೆರೆಯಾಚೆ ಹೋಗಿ ಫೌಲ್ ಆದರೆ ಲೆಕ್ಕ ಮುಂದೆ ಸಾಗುವುದಿಲ್ಲ, ಎಷ್ಟು ಫೌಲ್ ಆದರೂ ಪತ್ರಿಕೆಯ ಅಂಕಪಟ್ಟಿಗೆ ಹತ್ತುವುದಿಲ್ಲ. ರೇಗನ್ ಆ ಸಂದಿಯನ್ನು ಹಿಡಿದು, ತಂತಿ ಸರಿಯಾಗುವವರೆಗೂ ಹಲವು ನಿಮಿಷ ಬ್ಯಾಟರ್ ಕೈಯಲ್ಲಿ ಫೌಲ್ ಮೇಲೆ ಫೌಲ್ ಹೊಡೆಸಿದರು. ರಾಜಕಾರಣಕ್ಕೆ ಇದಕ್ಕಿಂತ ಒಳ್ಳೆಯ ತರಬೇತಿ ಸಿಗಲಿಕ್ಕಿಲ್ಲ.

ಇದೇ ವಿದ್ಯೆಯ ಇನ್ನೊಂದು ಕವಲು ನನಗೆ ಹೆಚ್ಚು ಹತ್ತಿರವಾದದ್ದು, ಏಕೆಂದರೆ ಅದರಲ್ಲಿ ಭಾಷೆಯ ಪ್ರಶ್ನೆಯಿದೆ. ಲಾಸ್ ಏಂಜಲೀಸ್‌ಗೆ ಬಂದ ವರ್ಷವೇ ಡಾಡ್ಜರ್ಸ್ ಸ್ಪ್ಯಾನಿಷ್‌ನಲ್ಲೂ ವೀಕ್ಷಕ ವಿವರಣೆ ಶುರುಮಾಡಿತು. ನಿಕರಾಗುವಾದ ರೆನೆ ಕಾರ್ಡೆನಾಸ್ ಮೊದಲಿಗರು. ಮರುವರ್ಷ ಅವರ ಜತೆಗೂಡಿದ ಹೈಮೆ ಹರೀನ್ ಎಕ್ವಡಾರ್‌ನಿಂದ 1955ರಲ್ಲಿ ವಲಸೆ ಬಂದವರು, ಅಲ್ಲಿಯವರೆಗೆ ಬೇಸ್‌ಬಾಲ್ ಎಂದರೇನೆಂದೇ ತಿಳಿಯದವರು. ಮೊದಲ ವರ್ಷಗಳಲ್ಲಿ ಪರವೂರಿನ ಪಂದ್ಯಗಳನ್ನು ಇವರು ಸ್ಟುಡಿಯೊದಲ್ಲಿ ಕುಳಿತು, ಕಿವಿಯಲ್ಲಿ ಸ್ಕಲ್ಲಿಯ ಇಂಗ್ಲಿಷ್ ಕೇಳುತ್ತ, ಬಾಯಲ್ಲಿ ಸ್ಪ್ಯಾನಿಷ್ ಆಡುತ್ತ ಕಟ್ಟಿಕೊಡುತ್ತಿದ್ದರು. ತಾನು ಕಾಣದ ಆಟವನ್ನು ಇನ್ನೊಬ್ಬನ ನುಡಿಯಿಂದ ಕೇಳಿ, ಅದೇ ಗಳಿಗೆಯಲ್ಲಿ ತನ್ನ ನುಡಿಯಲ್ಲಿ ಹೇಳುವುದು ಎಂಥ ಏಕಾಗ್ರತೆಯ ಕೆಲಸವೆಂದು ಯೋಚಿಸಿದರೆ ದಿಗಿಲಾಗುತ್ತದೆ. ಸ್ಕಲ್ಲಿಯ ದನಿ ಅವರಿಗೆ ಅನುಕೂಲವಾದದ್ದು ಅದರಲ್ಲಿ ಅವಸರ ಇಲ್ಲದ್ದರಿಂದ. 1981ರಲ್ಲಿ ಮೆಕ್ಸಿಕೋದ ಹಳ್ಳಿಯೊಂದರಿಂದ ಬಂದ 20 ವರ್ಷದ ಫರ್ನಾಂಡೊ ವಲೆನ್‌ಜುವೆಲ ಎಡಗೈ ಪಿಚರ್ ಆಗಿ ದೇಶವನ್ನೇ ಹುಚ್ಚೆಬ್ಬಿಸಿದಾಗ, ಇಂಗ್ಲಿಷ್ ಬಾರದ ಆ ಹುಡುಗನಿಗೆ ಸುದ್ದಿಗೋಷ್ಠಿಗಳಲ್ಲಿ ದುಭಾಷಿಯಾದವರೂ ಹರೀನರೇ. ಅವರು ಮೈಕು ಕೆಳಗಿಟ್ಟದ್ದು 2022ರಲ್ಲಿ, 64 ಋತುಗಳ ನಂತರ.

ಇಷ್ಟು ಮಾತು ಬಲ್ಲವರ ಹೆಚ್ಚುಗಾರಿಕೆ ಮಾತು ನಿಲ್ಲಿಸುವಲ್ಲಿ ಕಾಣುತ್ತದೆ. 1974ರ ಏಪ್ರಿಲ್ 8ರಂದು ಅಟ್ಲಾಂಟಾದಲ್ಲಿ ಹ್ಯಾಂಕ್ ಆರನ್ ತನ್ನ 715ನೆಯ ಹೋಮ್ ರನ್ ಹೊಡೆದು ಬೇಬ್ ರೂತ್‌ನ 714ರ ದಾಖಲೆಯನ್ನು ದಾಟಿದರು. ಕರಿಯನೊಬ್ಬ ಬಿಳಿಯರ ಆರಾಧ್ಯನ ದಾಖಲೆ ಮುರಿಯಬಾರದೆಂದು ಆರನ್‌ಗೆ ತಿಂಗಳುಗಟ್ಟಲೆ ಕೊಲೆಬೆದರಿಕೆಯ ಪತ್ರಗಳು ಬಂದಿದ್ದವು. ಎಸೆದದ್ದು ಡಾಡ್ಜರ್ಸ್‌ನ ಅಲ್ ಡೌನಿಂಗ್, ಆದ್ದರಿಂದ ಸ್ಕಲ್ಲಿಯೂ ಅಲ್ಲಿದ್ದರು. ಚೆಂಡು ಗೋಡೆ ದಾಟಿತೆಂದು ಹೇಳಿ ಅವರು ಸುಮ್ಮನಾದರು. ಜನರ ಮೊರೆತ, ಪಟಾಕಿ ಸದ್ದು ಮಾತ್ರ ಹರಿಯುತ್ತಿತ್ತು. ಬಹಳ ಹೊತ್ತಿನ ಮೇಲೆ ಮಾತು ಎತ್ತಿಕೊಂಡು, ಸಾರ್ವಕಾಲಿಕ ಆರಾಧ್ಯನೊಬ್ಬನ ದಾಖಲೆ ಮುರಿದುದಕ್ಕಾಗಿ ದಕ್ಷಿಣದ ಆ ಒಳನಾಡಿನಲ್ಲಿ ಕಪ್ಪು ಮನುಷ್ಯನೊಬ್ಬನಿಗೆ ಜನ ಎದ್ದುನಿಂತು ಚಪ್ಪಾಳೆ ತಟ್ಟುತ್ತಿದ್ದಾರೆ ಎಂದರು. ಧ್ವನಿಮುದ್ರಿಕೆಯನ್ನು ಎಷ್ಟು ಸಲ ಕೇಳಿದರೂ ಆ ವಾಕ್ಯದ ತೂಕ ಅದರ ಹಿಂದಿನ ಮೌನದಿಂದಲೇ ಬಂದದ್ದೆಂದು ನನಗೆ ಅನ್ನಿಸುತ್ತದೆ. ರೇಡಿಯೊದ ಕೆಳಗೆ ದಿಂಬು ಹಾಕಿ ಮಲಗಿದ್ದ ಹುಡುಗ ಅಂದು ಊರಿಗೆಲ್ಲ ಆ ಗದ್ದಲವನ್ನು ಸುರಿದಿದ್ದ.

ಆಡುನುಡಿಯ ಕಡೆಗೆ ಬಂದರೆ, ಅದೊಂದು ಬೇರೆಯೇ ಸಂತೆ. ಆಕಾಶಕ್ಕೆ ಏರಿ ಸಲೀಸಾಗಿ ಕೈಗೆ ಬೀಳುವ ಕ್ಯಾಚಿಗೆ ‘ಕ್ಯಾನ್ ಆಫ್ ಕಾರ್ನ್’ ಎನ್ನುತ್ತಾರೆ. ಹಳೆಯ ಕಿರಾಣಿ ಅಂಗಡಿಯವನು ಮೇಲಿನ ಹಲಗೆಯಲ್ಲಿದ್ದ ಜೋಳದ ಡಬ್ಬಿಯನ್ನು ಕೋಲಿನಿಂದ ಉರುಳಿಸಿ ಉಡಿಯಲ್ಲಿ ಹಿಡಿಯುತ್ತಿದ್ದನಂತೆ, ಅಲ್ಲಿಂದ ಬಂದ ಮಾತೆಂದು ಹೇಳುತ್ತಾರೆ. ದೊಡ್ಡ ಲೀಗಿಗೆ ಬಂದು ನಾಲ್ಕು ದಿನ ಆಡಿ ಮರಳಿದವನು ಅಲ್ಲಿ ‘ಒಂದು ಕಪ್ ಕಾಫಿ’ ಕುಡಿದು ಬಂದವನು. ಕ್ಯಾಚರ್ ತೊಡುವ ಮುಖವಾಡ, ಎದೆಗವಚಗಳು ‘ಅಜ್ಞಾನದ ಸಲಕರಣೆ’ಗಳು, ಬುದ್ಧಿಯಿದ್ದವನು ಆ ಜಾಗದಲ್ಲಿ ಏಕೆ ಕೂರುತ್ತಾನೆ ಎಂಬ ಅರ್ಥದಲ್ಲಿ. ಒಂದೇ ಪಂದ್ಯದಲ್ಲಿ ನಾಲ್ಕು ಬಾರಿ ಸ್ಟ್ರೈಕ್‌ಔಟ್ ಆದವನಿಗೆ ‘ಚಿನ್ನದ ಸೊಂಬ್ರೇರೊ’ ಎಂಬ ಮೆಕ್ಸಿಕನ್ ಟೋಪಿ ತೊಡಿಸುತ್ತಾರೆ. ಬ್ಯಾಟಿಂಗ್ ಸರಾಸರಿ, ಅಂದರೆ ಬ್ಯಾಟ್ ಹಿಡಿದ ಸರದಿಗಳಲ್ಲಿ ಹಿಟ್‌ಗಳ ಪಾಲು, .200ಕ್ಕಿಂತ ಕೆಳಗಿಳಿದರೆ ‘ಮೆಂಡೋಝ ಗೆರೆ’ಯ ಕೆಳಗೆ ಬಿದ್ದನೆಂದರ್ಥ, ಪಾಪ, ಆ ಗೆರೆಗೆ ಹೆಸರು ಕೊಟ್ಟ ಮಾರಿಯೊ ಮೆಂಡೋಝರ ಜೀವಮಾನದ ಸರಾಸರಿ .215, ಅಂದರೆ ತನ್ನ ಗೆರೆಗಿಂತ ಮೇಲೆಯೇ. ಈ ಮಾತುಗಳಲ್ಲಿ ಆಟದ ಪರಿಭಾಷೆಗಿಂತ ಅಂಗಡಿ, ಅಡುಗೆಮನೆಗಳ ವಾಸನೆಯೇ ಹೆಚ್ಚು. ಚಳಿಗಾಲದಲ್ಲಿ ಆಟವೇ ಇಲ್ಲದಾಗ ಒಲೆಯ ಸುತ್ತ ಕುಳಿತು ನಡೆಸುವ ಹರಟೆಗೂ ‘ಬಿಸಿ ಒಲೆಯ ಲೀಗ್’ ಎಂಬ ಹೆಸರಿದೆಯೆಂದರೆ, ಪುರುಸೊತ್ತಿಗೆ ಇಲ್ಲಿ ಎಂಥ ಮರ್ಯಾದೆಯಿದೆಯೆಂದು ತಿಳಿಯಬಹುದು.

ವಿವರಣೆಕಾರರು ಈ ನುಡಿಯನ್ನು ಊರಿಂದೂರಿಗೆ ಹೊತ್ತರು. ದಕ್ಷಿಣದವರಾದ ಬಾರ್ಬರ್ ತಮ್ಮ ಕಡೆಯ ಮಾತುಗಳನ್ನು ಬ್ರೂಕ್ಲಿನ್‌ನ ಬೀದಿಗೆ ತಂದರು. ಮೈದಾನದ ಜಗಳ ಅವರ ಬಾಯಲ್ಲಿ ‘ರೂಬಾರ್ಬ್’ ಎಂಬ ತರಕಾರಿಯ ಹೆಸರು ಪಡೆದು ಊರಿನ ಮಾತಾಯಿತು. ಡೆಟ್ರಾಯಿಟ್‌ನ ಎರ್ನಿ ಹಾರ್ವೆಲ್ ಕಥೆ ಇನ್ನೂ ರಂಜಕ. 1948ರಲ್ಲಿ ಬಾರ್ಬರ್ ಕಾಯಿಲೆ ಬಿದ್ದಾಗ ಬ್ರೂಕ್ಲಿನ್ ತಂಡ ಅಟ್ಲಾಂಟಾದಿಂದ ಇವರನ್ನು ಕರೆಸಿಕೊಳ್ಳಲು ಕ್ಲಿಫ್ ಡ್ಯಾಪರ್ ಎಂಬ ಕ್ಯಾಚರ್‌ನನ್ನು ಬದಲಿಗೆ ಕೊಟ್ಟಿತು. ಆಟಗಾರನೊಬ್ಬನಿಗೆ ವಿನಿಮಯವಾಗಿ ಬಂದ ವಿವರಣೆಕಾರ ಅವರು. ಫೌಲ್ ಚೆಂಡು ಜನರ ನಡುವೆ ಬಿದ್ದಾಗಲೆಲ್ಲ ಹಾರ್ವೆಲ್, ಕಲಮಜೂದಿಂದ ಬಂದವರೊಬ್ಬರು ಅದನ್ನು ಹಿಡಿದರು, ಇನ್ನೊಮ್ಮೆ ಸ್ಯಾಗಿನಾದವರು ಹಿಡಿದರು, ಎಂದು ಮಿಷಿಗನ್‌ನ ಯಾವುದಾದರೊಂದು ಊರಿನ ಹೆಸರು ಹೇಳುತ್ತಿದ್ದರು. ಅವರಿಗೆ ಹೇಗೆ ಗೊತ್ತು ಎಂದು ಮಕ್ಕಳು ಬೆರಗಾಗುತ್ತಿದ್ದರು. ಗೊತ್ತಿರಲಿಲ್ಲ, ಬಾಯಿಗೆ ಬಂದ ಊರು. ಆದರೆ ತನ್ನೂರಿನ ಹೆಸರು ರೇಡಿಯೊದಲ್ಲಿ ಬರಲೆಂದು ಕಾದು ಕುಳಿತವರಿಗೆ ಆ ಸುಳ್ಳು ಎಷ್ಟು ಸಿಹಿಯಾಗಿತ್ತೆಂಬುದನ್ನು ಕೋರಿಕೆಯ ಚಿತ್ರಗೀತೆಗೆ ಪತ್ರ ಬರೆದ ನಮ್ಮ ಪೀಳಿಗೆಯವರಿಗೆ ವಿವರಿಸಬೇಕಿಲ್ಲ.

ಹಿರಿಯರ ತೊಡೆಯ ಮೇಲಿನ ಆ ಪುಸ್ತಕದ ವಿಷಯಕ್ಕೆ ಬರುತ್ತೇನೆ. ಅದರ ಪ್ರತಿ ಚೌಕವೂ ಒಬ್ಬ ಬ್ಯಾಟರ್‌ನ ಒಂದು ಸರದಿ. ಸ್ಟ್ರೈಕ್‌ಔಟ್ ಆದರೆ ಇಂಗ್ಲಿಷಿನ ‘ಕೆ’ ಅಕ್ಷರ; ಬ್ಯಾಟ್ ಬೀಸದೆ ನೋಡುತ್ತ ನಿಂತು ಔಟಾದರೆ ಅದೇ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗು. ಈ ಪದ್ಧತಿಗೆ ಬುನಾದಿ ಹಾಕಿದ ಹೆನ್ರಿ ಚಾಡ್ವಿಕ್ ಇಂಗ್ಲೆಂಡಿನ ಎಕ್ಸೆಟರ್‌ನಲ್ಲಿ 1824ರಲ್ಲಿ ಹುಟ್ಟಿ, ಅಮೆರಿಕಕ್ಕೆ ಬಂದು, ಕ್ರಿಕೆಟ್ ವರದಿಗಾರರಾಗಿದ್ದವರು. ಕ್ರಿಕೆಟಿನ ಅಂಕಪಟ್ಟಿಯ ಮಾದರಿಯಲ್ಲೇ ಬೇಸ್‌ಬಾಲಿನ ‘ಬಾಕ್ಸ್ ಸ್ಕೋರ್’ ರೂಪಿಸಿದರು. ‘ಎಸ್’ ಅಕ್ಷರ ಬೇರೆ ಕೆಲಸಕ್ಕೆ ಹೋಗಿದ್ದರಿಂದ ‘ಸ್ಟ್ರಕ್’ ಎಂಬುದರ ಕೊನೆಯಲ್ಲಿ ಕೇಳುವ ‘ಕೆ’ಯನ್ನು ಆರಿಸಿಕೊಂಡರು. ಇದನ್ನು ತಿಳಿದ ದಿನ ನನಗೆ ದೂರದ ಸಂಬಂಧಿಯೊಬ್ಬರು ಸಿಕ್ಕಷ್ಟು ಸಂತೋಷವಾಯಿತು. ಎಲ್ಲರೂ ಹಿರಿಯರಷ್ಟು ಕಟ್ಟುನಿಟ್ಟಲ್ಲ ಎನ್ನಿ. ಯಾಂಕೀಸ್‌ನ ಮಾಜಿ ಆಟಗಾರ ಮತ್ತು ವಿವರಣೆಕಾರ ಫಿಲ್ ರಿಜ್ಜೂಟೊ ತಮ್ಮ ಪುಸ್ತಕದ ಕೆಲವು ಚೌಕಗಳಲ್ಲಿ ‘ಡಬ್ಲ್ಯು ಡಬ್ಲ್ಯು’ ಎಂದು ಬರೆಯುತ್ತಿದ್ದರು; ‘ನೋಡುತ್ತಿರಲಿಲ್ಲ’ ಎಂಬುದಕ್ಕೆ ಅವರದೇ ಸಂಕೇತ. ಹಿರಿಯರಿಗೆ ರಿಜ್ಜೂಟೊ ಮೇಲೆ ಆ ಒಂದು ಕಾರಣಕ್ಕೆ ಸಿಟ್ಟಿತ್ತು.

ಚೌಕಗಳೆಲ್ಲ ಸೇರಿ ದಾಖಲೆಯಾಗುತ್ತವೆ. 1941ರ ಋತುವಿನ ಕೊನೆಯ ದಿನದ ಆಟಕ್ಕೆ ಮುಂಚೆ ಬಾಸ್ಟನ್‌ನ ಟೆಡ್ ವಿಲಿಯಮ್ಸ್ ಸರಾಸರಿ .39955 ಇತ್ತು, ಪುಸ್ತಕದಲ್ಲಿ ಅದು .400 ಎಂದೇ ದಾಖಲಾಗುತ್ತಿತ್ತು. ಬೇಕಿದ್ದರೆ ಆಡದೆ ಕುಳಿತುಕೊಳ್ಳಬಹುದೆಂದು ಮ್ಯಾನೇಜರ್ ಹೇಳಿದರೂ ವಿಲಿಯಮ್ಸ್ ಒಪ್ಪದೆ ಫಿಲಡೆಲ್ಫಿಯಾದಲ್ಲಿ ಅಂದಿನ ಎರಡೂ ಪಂದ್ಯ ಆಡಿ, 8ರಲ್ಲಿ 6 ಹಿಟ್ ಹೊಡೆದು .406ಕ್ಕೆ ಮುಗಿಸಿದರು. ಆ ಬಳಿಕ ಅಮೆರಿಕನ್, ನ್ಯಾಷನಲ್ ಎಂಬ ಎರಡು ದೊಡ್ಡ ಲೀಗುಗಳಲ್ಲಿ ಯಾರೂ .400 ಮುಟ್ಟಿಲ್ಲ. ಬ್ರಾಡ್ಮನ್‌ರ 99.94 ಎಂಬ ಅಂಕೆಯನ್ನು ಬಾಯಿಪಾಠ ಮಾಡಿದ ನಮಗೆ ಈ ಬಗೆಯ ದಶಾಂಶಗಳ ಮೋಹ ಅರ್ಥವಾಗುತ್ತದೆ.

ಆದರೆ ದಾಖಲೆಯೂ ಕಲ್ಲಿನ ಶಾಸನವಲ್ಲ. 1930ರಲ್ಲಿ ಹ್ಯಾಕ್ ವಿಲ್ಸನ್ ಗಳಿಸಿಕೊಟ್ಟ ರನ್‌ಗಳು 190 ಎಂದೇ ಎಲ್ಲರೂ ನಂಬಿದ್ದರು. ಹಳೆಯ ಅಂಕಪಟ್ಟಿಗಳನ್ನು ಮತ್ತೆ ಕೂಡಿಸಿ 1999ರಲ್ಲಿ ಅದನ್ನು 191 ಮಾಡಿದರು. ವಿಲ್ಸನ್ ತೀರಿಕೊಂಡು ಆಗಲೇ ಅರ್ಧ ಶತಮಾನ ಕಳೆದಿತ್ತು. ಅದಕ್ಕಿಂತ ದೊಡ್ಡ ತಿದ್ದುಪಡಿ 2024ರ ಮೇ ತಿಂಗಳಿನದು. ಕಪ್ಪು ಆಟಗಾರರನ್ನು ಹೊರಗಿಟ್ಟಿದ್ದ ಕಾಲದಲ್ಲಿ, 1920ರಿಂದ 1948ರವರೆಗೆ, ಅವರದೇ ನೀಗ್ರೊ ಲೀಗ್‌ಗಳು ನಡೆದಿದ್ದವು. ಹಳೆಯ ಪತ್ರಿಕೆಗಳ ಮೂಲೆಗಳಲ್ಲಿ ಉಳಿದಿದ್ದ ಬಾಕ್ಸ್ ಸ್ಕೋರ್‌ಗಳನ್ನು ಸಂಶೋಧಕರು ವರ್ಷಗಟ್ಟಲೆ ಹೆಕ್ಕಿದ್ದರಿಂದ, 2,300ಕ್ಕೂ ಹೆಚ್ಚು ಆಟಗಾರರ ಲೆಕ್ಕ ಮುಖ್ಯ ಪುಸ್ತಕಕ್ಕೆ ಸೇರಿತು. ಜೀವಮಾನದ ಸರಾಸರಿಯಲ್ಲಿ .367ರ ಟೈ ಕಾಬ್ ಕೆಳಗಿಳಿದು .372ರ ಜಾಶ್ ಗಿಬ್ಸನ್ ಮೇಲೇರಿದರು. ಗಿಬ್ಸನ್ ಸತ್ತದ್ದು 1947ರ ಜನವರಿಯಲ್ಲಿ; ಜಾಕಿ ರಾಬಿನ್ಸನ್ ಡಾಡ್ಜರ್ಸ್ ಅಂಗಿ ತೊಟ್ಟು ವರ್ಣದ ಗೋಡೆ ಒಡೆದದ್ದು ಅದೇ ವರ್ಷದ ಏಪ್ರಿಲ್ 15ರಂದು. ಪಂದ್ಯಗಳ ಸಂಖ್ಯೆ ಕಡಿಮೆ, ಹೋಲಿಕೆ ಸರಿಯಲ್ಲ ಎಂದು ಗೊಣಗಿದವರಿದ್ದಾರೆ. ಪಂದ್ಯ ಕಡಿಮೆಯಾದದ್ದು ಯಾರ ಕಾರಣದಿಂದ ಎಂಬ ಪ್ರಶ್ನೆಯನ್ನು ಪಕ್ಕಕ್ಕಿಟ್ಟು ಆಡುವ ಆ ವಾದ ನನಗೆ ಒಪ್ಪಿಗೆಯಿಲ್ಲ. ಗಿಬ್ಸನ್‌ರಂಥವರ ಹೊಡೆತಗಳಿಗೆ ಸ್ಕಲ್ಲಿಯಂಥ ದನಿ ಸಿಗಲಿಲ್ಲ. ಯಾರೋ ಒಬ್ಬ ವರದಿಗಾರ ಕೂತು ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡದ್ದಷ್ಟೇ ಉಳಿಯಿತು.

ಸ್ಕಲ್ಲಿಯ ಕೊನೆಯ ಋತುವನ್ನು ನಾವಿಬ್ಬರೂ ಗ್ಯಾರೇಜಿನಲ್ಲೇ ಕೇಳಿದೆವು. ಜೈಂಟ್ಸ್‌ನ ಪಿಚರ್ ಮ್ಯಾಡಿಸನ್ ಬಮ್‌ಗಾರ್ನರ್ ಹಾವೊಂದನ್ನು ಕೊಡಲಿಯಿಂದ ಕಡಿದಾಗ ಅದರ ಹೊಟ್ಟೆಯಲ್ಲಿ ಮೊಲದ ಮರಿಯೊಂದು ಜೀವಂತ ಸಿಕ್ಕಿ, ಗಂಡಹೆಂಡಿರು ಅದನ್ನು ಸಾಕಿ ಬಿಟ್ಟ ಕಥೆಯನ್ನು ಅವರು ಎಸೆತಕ್ಕೊಂದು ವಾಕ್ಯದಂತೆ, ಬಾಲ್ ಸ್ಟ್ರೈಕುಗಳನ್ನು ತಪ್ಪದೆ ಲೆಕ್ಕ ಹಾಕುತ್ತಲೇ ಹೇಳಿದ್ದು ಆ ವರ್ಷದಲ್ಲೇ. 2016ರ ಅಕ್ಟೋಬರ್ 2ರಂದು, ಲಾಂಡ್ರಿಯ ಮುಂದೆ ಹುಡುಗ ನಿಂತ ದಿನಕ್ಕೆ ಸರಿಯಾಗಿ 80 ವರ್ಷಕ್ಕೆ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜೈಂಟ್ಸ್ ವಿರುದ್ಧದ ಪಂದ್ಯದೊಂದಿಗೆ ಅವರು ಮುಗಿಸಿದರು. ತೀರಿಕೊಂಡದ್ದು 2022ರ ಆಗಸ್ಟ್‌ನಲ್ಲಿ. ಮರುವರ್ಷವೇ ಆಟಕ್ಕೆ ಗಡಿಯಾರ ಬಂತು: ಆ ವರ್ಷದ ನಿಯಮದಂತೆ ಬೇಸ್‌ಗಳು ಖಾಲಿಯಿದ್ದರೆ 15 ಸೆಕೆಂಡು, ಓಟಗಾರರಿದ್ದರೆ 20 ಸೆಕೆಂಡಿನೊಳಗೆ ಪಿಚರ್ ಎಸೆತಕ್ಕೆ ತೊಡಗಬೇಕಿತ್ತು. ಮೂರು ಗಂಟೆ ದಾಟುತ್ತಿದ್ದ ಪಂದ್ಯಗಳ ಸರಾಸರಿ ಅವಧಿ ಸುಮಾರು 24 ನಿಮಿಷ ಇಳಿಯಿತು. ಬಹುತೇಕರಿಗೆ ಸಂತೋಷವೇ ಆಯಿತು. ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೋಗಬೇಕಾದ ನನಗೂ ಆಯಿತೆಂದು ಒಪ್ಪಿಕೊಳ್ಳಬೇಕು.

ಆ ಬೇಸಿಗೆಯಲ್ಲಿ ಹಿರಿಯರನ್ನು ಡಾಡ್ಜರ್ ಸ್ಟೇಡಿಯಂಗೆ ಕರೆದುಕೊಂಡು ಹೋದೆ. ಪುಸ್ತಕ, ಎರಡು ಪೆನ್ಸಿಲ್, ಕಡಲೆಕಾಯಿಯ ಪೊಟ್ಟಣ ಎಲ್ಲವೂ ಬಂದಿದ್ದವು. ಐದನೆಯ ಇನಿಂಗ್ಸ್‌ನಲ್ಲಿ ಅವರು 1965ರ ಸೆಪ್ಟೆಂಬರ್ 9ರ ರಾತ್ರಿಯ ಬಗ್ಗೆ ಹೇಳತೊಡಗಿದರು. ಸ್ಯಾಂಡಿ ಕೂಫ್ಯಾಕ್ಸ್ 27 ಬ್ಯಾಟರ್‌ಗಳಲ್ಲಿ ಒಬ್ಬನನ್ನೂ ಬೇಸ್ ಮುಟ್ಟಗೊಡದ ಪಂದ್ಯ ಅದು. ಮುಂದೆ ಧ್ವನಿಮುದ್ರಿಕೆ ಕೇಳುವ ಕೂಫ್ಯಾಕ್ಸ್‌ಗೆ ಗೊತ್ತಿರಲೆಂದು ಸ್ಕಲ್ಲಿ ಕೊನೆಯ ಗಳಿಗೆಯಲ್ಲಿ ಸಮಯವನ್ನೂ ಹೇಳಿದ್ದರು, 9 ಗಂಟೆ 46 ನಿಮಿಷ. ಹಿರಿಯರು ಆ ಕೊನೆಯ ಬ್ಯಾಟರ್‌ನವರೆಗೆ ಬರುವಷ್ಟರಲ್ಲಿ ಸುತ್ತಲಿನವರು ಎದ್ದು ಕೂಗಿದರು. ತಲೆಯೆತ್ತಿ ನೋಡಿದರೆ ಮೈದಾನದಲ್ಲಿ ಆಟಗಾರರು ಆಗಲೇ ಜಾಗ ಬದಲಿಸುತ್ತಿದ್ದರು. ಏನಾಯಿತೆಂದು ಅವರು ನನ್ನನ್ನು ಕೇಳಿದರು. ನಾನೂ ಅವರ ಕಥೆಯನ್ನೇ ಕೇಳುತ್ತಿದ್ದೆ. ಪೆನ್ಸಿಲಿನ ತುದಿಯನ್ನು ನಾಲಿಗೆಗೆ ತಾಗಿಸಿ, ಸ್ವಲ್ಪ ಹೊತ್ತು ಆ ಖಾಲಿ ಚೌಕವನ್ನು ನೋಡಿ, ಅವರು ಅದರಲ್ಲಿ ರಿಜ್ಜೂಟೊನ ಎರಡು ಅಕ್ಷರಗಳನ್ನು ಬರೆದರು.